ಮನಶ್ಶಾಂತಿಗಾಗಿ ಒಂದು ಬಣ್ಣದ ಪುಟ



ಮುಂಜಾನೆ ಹಾರೋಹಳ್ಳಿಯ ಬೀದಿಗಳಲ್ಲಿ ಬರುವಾಗ ಮನೆಮನೆಯ ಮುಂದೆಯೂ ಹೊಸ ರಂಗೋಲಿಯನ್ನು ಕಾಣುತ್ತೇವೆ. ಸಾವಾದ ಮನೆಯ ಅಂಗಳವಾದರೋ ಬರಿದಾಗಿರುತ್ತದೆ. ಅಲ್ಲಿ ರಂಗೋಲಿ ಇಡುವ ವಾಡಿಕೆಯಿಲ್ಲ. ಕೈಗೂ ಮನಸ್ಸಿಗೂ ಆಧಾರವು ಹೆಚ್ಚಾಗಿ ಬೇಕಾದ ದಿನಗಳಲ್ಲಿಯೇ ಆ ಮನೆಯ ತಾಯಿಯ ಕೈಗಳು ಸುಮ್ಮನಾಗುತ್ತವೆ. ಆದರೆ ಕಾಗದದ ಮೇಲಣ ಚುಕ್ಕಿಗೆ ಯಾರ ಅಡ್ಡಿಯೂ ಇಲ್ಲ. ಅಂಥವರ ಮುಂದೆ ಇಡತಕ್ಕ ಒಂದು ಬಣ್ಣದ ಪುಟವನ್ನು ರಚಿಸುವ ಕ್ರಮವನ್ನು ಈ ಪಾಠದಲ್ಲಿ ವಿವರಿಸುತ್ತೇವೆ.

ಬಣ್ಣ ತುಂಬುವುದು ಕೇವಲ ಮಕ್ಕಳಾಟವೆಂದು ಎಣಿಸಬಾರದು. 2005ನೆಯ ಇಸವಿಯಲ್ಲಿ ಅಮೆರಿಕಾ ದೇಶದ ಕರಿ ಮತ್ತು ಕ್ಯಾಸರ್ ಎಂಬ ಇಬ್ಬರು ಸಂಶೋಧಕರು ತಮ್ಮ ಪರೀಕ್ಷೆಯೊಂದನ್ನು ಪ್ರಕಟಿಸಿದರು. ಅವರು 84 ಮಂದಿ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಮಂಡಲದ ಚಿತ್ರವನ್ನೂ, ಕೆಲವರಿಗೆ ಚೌಕುಳಿಯ ಚಿತ್ರವನ್ನೂ, ಉಳಿದವರಿಗೆ ಖಾಲಿ ಹಾಳೆಯನ್ನೂ ಬಣ್ಣ ಹಚ್ಚಲು ಕೊಟ್ಟಿದ್ದರು. ಮೊದಲ ಎರಡು ಗುಂಪಿನವರ ಕಳವಳವು ಇಳಿಯಿತು. ಖಾಲಿ ಹಾಳೆಯವರಿಗೆ ಅಷ್ಟು ಉಪಶಮನವಾಗಲಿಲ್ಲ. ಇದರಿಂದ ನಾವು ತಿಳಿಯುವುದೇನೆಂದರೆ, ನೊಂದ ಮನಸ್ಸಿಗೆ ಬರಿಯ ಹಾಳೆಯು ಮತ್ತೊಂದು ಪ್ರಶ್ನೆಯಾಗುತ್ತದೆ. ಎಳೆದಿಟ್ಟ ಗೆರೆಯು ದಾರಿಯಾಗುತ್ತದೆ.

ರಚನೆಯ ಕ್ರಮ: ಹಾಳೆಯ ನಡುವೆ ಎರಡೆರಡು ಸೆಂಟಿಮೀಟರ್ ಅಂತರದಲ್ಲಿ 7 ಚುಕ್ಕಿಗಳ ಒಂದು ಸಾಲನ್ನು ಇಡಿರಿ. ಅದರ ಮೇಲೆಯೂ ಕೆಳಗೆಯೂ ಸಂದಿಗೆ ಎದುರಾಗಿ 6, 5, 4 ಚುಕ್ಕಿಗಳನ್ನಿಟ್ಟರೆ ಒಟ್ಟು 37 ಆಗುವುವು. ನಡುವಣ ಚುಕ್ಕಿಯಿಂದ ಆರು ಮೂಲೆಗಳಿಗೂ ಹೆಬ್ಬೆರಳಿನಷ್ಟು ಅಗಲವಾದ ಆರು ದಳಗಳನ್ನು ಬರೆಯಿರಿ. ದಳಗಳ ನಡುವೆ ಒಂದೊಂದು ಚಿಕ್ಕ ಮೊಗ್ಗನ್ನು ಬರೆದು, ಮೂಲೆಗಳನ್ನು ಹೊರಬಾಗಿದ ಗೆರೆಗಳಿಂದ ಕೂಡಿಸಿರಿ. ಗೆರೆಗಳು ದಪ್ಪವಾಗಿರಲಿ, ಎಲ್ಲಿಯೂ ಬಾಯಿ ತೆರೆದಿರಕೂಡದು. ಅತಿ ಸಣ್ಣ ಮನೆಗಳು ವಯಸ್ಸಾದ ಕಣ್ಣಿಗೆ ಆಯಾಸವನ್ನುಂಟುಮಾಡುತ್ತವೆ. ಬುದ್ಧಿವಾದದ ಮಾತುಗಳನ್ನು ಪುಟದಲ್ಲಿ ಬರೆಯಬೇಡಿರಿ.

ಪುಟವನ್ನು ಕೊಡುವ ರೀತಿಯೂ ಪಾಠದ ಭಾಗವೇ. ಒಮ್ಮೆ ನಾವು ಇಂಥದೊಂದನ್ನು ದುಃಖದಲ್ಲಿದ್ದ ತಾಯಿಯೊಬ್ಬರಿಗೆ ಕೊಟ್ಟೆವು. ಅವರು ಒಂದೇ ದಳವನ್ನು ತುಂಬಿದರು. ಅಧ್ಯಾಪಕಿಯ ಅಭ್ಯಾಸಬಲದಿಂದ ನಾವು, “ಮಿಕ್ಕವೂ ಆಗಲಮ್ಮ” ಎಂದೆವು. ಅವರು ಪೆನ್ಸಿಲನ್ನು ಕೆಳಗಿಟ್ಟುಬಿಟ್ಟರು. ಮುಂದಿನ ವಾರ ಏನನ್ನೂ ಹೇಳದೆ ಬಳಿಯಲ್ಲಿ ಕುಳಿತು, ನಮ್ಮ ಪುಟಕ್ಕೆ ನಾವು ಬಣ್ಣ ಹಚ್ಚಿದೆವು. ಆ ದಿನ ಅವರು ಮತ್ತೆರಡು ದಳಗಳನ್ನು ತುಂಬಿದರು. ಆದುದರಿಂದ ಅವಸರಪಡಿಸಬಾರದು, ತಿದ್ದಬಾರದು, ಅಂಕ ಹಾಕಬಾರದು.

ಆದರೂ ಇದು ಔಷಧವಲ್ಲವೆಂಬುದನ್ನು ಮರೆಯಬೇಡಿರಿ. ನಿದ್ರೆ, ಊಟಗಳು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ ವೈದ್ಯರನ್ನು ಕಾಣತಕ್ಕದ್ದು. ಬದುಕೇ ಬೇಡವೆಂಬ ಮಾತು ಬಂದರೆ ಒಂದು ದಿನವೂ ತಡೆಯದೆ ಹಿರಿಯರಿಗೆ ತಿಳಿಸಿರಿ. ಕನಕಪುರದ ರಸ್ತೆಯಲ್ಲಿ ಹೊರಟರೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ದೂರವಲ್ಲ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಅಭ್ಯಾಸ: ಈ ರಜೆಯಲ್ಲಿ ಒಂದು ಪುಟವನ್ನು ರಚಿಸಿ ನಿಮ್ಮ ತಾಯಿಗಾಗಲಿ ಅಜ್ಜಿಗಾಗಲಿ ಕೊಡಿರಿ, ಬಳಿಯಲ್ಲಿ ಕುಳಿತುಕೊಳ್ಳಿರಿ. ಪುಟವನ್ನು ಶಾಲೆಗೆ ಹಿಂದಕ್ಕೆ ತರಬೇಕಾಗಿಲ್ಲ.