ಅಂಚಿನಲ್ಲಿ ಮೂರಿಂಚು

ಎರಡು ವರ್ಷದ ಹುಡುಗಿಯ ತೋಳಿಲ್ಲದ ಫ್ರಾಕಿಗೆ ಮುಕ್ಕಾಲು ಮೀಟರ್ ಬಟ್ಟೆ ಸಾಕು. ಅವಳ ತಾಯಿಯ ಕುರ್ತಾಕ್ಕೆ ಎರಡೂವರೆ ಮೀಟರ್ ಬೇಕು. ಆದರೆ ರೆಡಿಮೇಡ್ ಅಂಗಡಿಯಲ್ಲಿ ಎರಡರ ಬೆಲೆಚೀಟಿ ತಿರುಗಿಸಿ ನೋಡಿ, ಅಂಥ ಅಂತರವೇನೂ ಕಾಣುವುದಿಲ್ಲ. ಅದಕ್ಕೂ ಐನೂರು, ಇದಕ್ಕೂ ಐನೂರು. ‘ಇಷ್ಟೇ ಇಷ್ಟು ಬಟ್ಟೆಗೆ ಇಷ್ಟೊಂದಾ?’ ಎಂದು ಗೊಣಗದ ತಂದೆತಾಯಿ ಇಲ್ಲ. ಅಂಗಡಿಯವರನ್ನು ಬೈದು ಪ್ರಯೋಜನವೂ ಇಲ್ಲ. ಚಿಕ್ಕ ಅಂಗಿಗೂ ಕೊರಳು, ಕಂಕುಳು, ಕಾಜಾ, ಗುಂಡಿ, ಓವರ್‌ಲಾಕ್ ಎಲ್ಲವೂ ಬೇಕೇ ಬೇಕು. ಅಳತೆ ಚಿಕ್ಕದಾದಷ್ಟೂ ಸೂಜಿಯ ಕೆಳಗೆ ಬಟ್ಟೆ ತಿರುಗಿಸುವ ಕಷ್ಟ ಹೆಚ್ಚು. ಹೀಗಾಗಿ ಮಕ್ಕಳ ಉಡುಪಿಗೆ ನಾವು ಕೊಡುವ ದುಡ್ಡಿನಲ್ಲಿ ಬಟ್ಟೆಯ ಪಾಲು ಸಣ್ಣದು. ಹೊಲಿಗೆ, ಮಳಿಗೆಯ ಬಾಡಿಗೆ, ಬ್ರ್ಯಾಂಡಿನ ಹೆಸರು, ಇವುಗಳ ಪಾಲು ದೊಡ್ಡದು. ಮನೆಯಲ್ಲಿ ಹೊಲಿಯುವವರಿಗೆ ಉಳಿಯುವುದು ಆ ದೊಡ್ಡ ಪಾಲು.

ನಾನಿರುವುದು ಹುಬ್ಬಳ್ಳಿಯಲ್ಲಿ. ಮಗಳಿಗೆ ಈಗ ಎರಡೂವರೆ ವರ್ಷ. ಮನೆಯಲ್ಲಿ ಹಾಕುವ ಅವಳ ಬಟ್ಟೆಗಳನ್ನು ಹೆಚ್ಚೂಕಡಿಮೆ ನಾನೇ ಹೊಲಿಯುತ್ತೇನೆ. ಕೇಳಿದವರೆಲ್ಲ ‘ಭಾಳ ಉಳಿತೈತಲ್ಲ?’ ಎಂದೇ ಮಾತು ಶುರು ಮಾಡುತ್ತಾರೆ. ಉಳಿಯುತ್ತದೆ. ಆದರೆ ಜನ ಅಂದುಕೊಂಡ ಜಾಗದಲ್ಲಿ ಉಳಿಯುವುದಿಲ್ಲ.

ಮೊದಲು ಫ್ರಾಕಿನ ಲೆಕ್ಕ. ಇಲ್ಲಿಯ ಜವಳಿ ಸಾಲಿನಲ್ಲಿ 44 ಇಂಚು ಪನ್ನದ ಒಳ್ಳೆ ಕಾಟನ್ ನನಗೆ ಮೀಟರಿಗೆ ₹120ರಂತೆ ಸಿಗುತ್ತದೆ. ಮುಕ್ಕಾಲು ಮೀಟರಿಗೆ ₹90. ದಾರ, ಎರಡು ಗುಂಡಿ, ಕೊರಳಿನ ಪೈಪಿಂಗ್ ಎಲ್ಲ ಸೇರಿ ಇನ್ನೊಂದು ₹20. ಅಂಗಡಿಯಲ್ಲಿ ₹450 ಇರುವ ಫ್ರಾಕು ₹110ಕ್ಕೆ ತಯಾರು. ‘ನೋಡಿ, ₹340 ಉಳೀತು’ ಎಂದು ಹೊಲಿಗೆಯ ವಿಡಿಯೊ ಮಾಡುವವರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ. ಊರವರ ಜಮಾ-ಖರ್ಚು ಬರೆದು ಹೊಟ್ಟೆ ಹೊರೆಯುವ ನನಗೆ ಅಲ್ಲಿಗೆ ಮುಗಿಸಲು ಬರುವುದಿಲ್ಲ.

ಕೂಲಿ ಎಲ್ಲಿ ಹೋಯಿತು? ಕತ್ತರಿಸಿ, ಹೊಲಿದು, ಅಂಚು ಮಡಿಸಿ, ಇಸ್ತ್ರಿ ಹಾಕುವ ಹೊತ್ತಿಗೆ ನನಗೆ ಎರಡು ತಾಸು ಹಿಡಿಯುತ್ತದೆ. ನಮ್ಮ ಓಣಿಯ ಟೇಲರ್ ಅಕ್ಕ ಇಂಥದೇ ಫ್ರಾಕಿಗೆ ₹200 ತೆಗೆದುಕೊಳ್ಳುತ್ತಾರೆ. ನನ್ನ ಎರಡು ತಾಸಿನ ಪೇಟೆ ಧಾರಣೆ ಅದೇ. ಅದನ್ನು ಕಳೆದರೆ ನಿಜವಾದ ಉಳಿತಾಯ ₹140. ಮಿಕ್ಕದ್ದು ನನಗೆ ನಾನೇ ಕೊಟ್ಟುಕೊಂಡ ಪಗಾರ. (ಅದಕ್ಕೆ ಟಿಡಿಎಸ್ ಇಲ್ಲ, ಅಷ್ಟು ಸಮಾಧಾನ.) ಭಾನುವಾರ ಮಧ್ಯಾಹ್ನ ಧಾರಾವಾಹಿ ನೋಡುವ ಹೊತ್ತಿನಲ್ಲಿ ಹೊಲಿದರೆ ಆ ಪಗಾರವೂ ಲಾಭವೇ. ಅದೇ ಎರಡು ತಾಸು ಟ್ಯೂಷನ್ ಹೇಳಿಯೋ ಆಫೀಸಿನ ಕೆಲಸ ಮಾಡಿಯೋ ನಾನೂರು ದುಡಿಯಬಲ್ಲವರಿಗೆ ಹೊಲಿಗೆ ಒಂದು ಹವ್ಯಾಸ. ಮಾಡಲಿ, ಸಂತೋಷ. ಉಳಿತಾಯದ ಖಾತೆಯಲ್ಲಿ ಮಾತ್ರ ಬರೆಯಬಾರದು.

ತೆರಿಗೆ ಉಳಿಯುತ್ತದೆ ಎನ್ನುವವರೂ ಇದ್ದಾರೆ. ಅದರಲ್ಲಿ ಹೆಚ್ಚಿನ ಹುರುಳಿಲ್ಲ. ಹತ್ತಿ ಬಟ್ಟೆಗೆ ಶೇ 5 ಜಿಎಸ್‌ಟಿ ಇದೆ. ಸಿದ್ಧ ಉಡುಪಿಗೂ 2025ರ ಸೆಪ್ಟೆಂಬರ್ 22ರಿಂದ ₹2,500ರವರೆಗೆ ಶೇ 5 ಮಾತ್ರ. ಮಗುವಿನ ಫ್ರಾಕಿಗೆ ಅದಕ್ಕಿಂತ ಹೆಚ್ಚು ಕೊಡುವವರು ಈ ಅಂಕಣ ಓದುತ್ತಿರಲಾರರು.

ಇನ್ನು ಮಿಷನ್. ನನ್ನದು ತವರಿನಿಂದ ಬಂದ ಕಪ್ಪು ಉಷಾ, ಕಾಲಲ್ಲಿ ತುಳಿಯುವುದು. ರಿಪೇರಿಯವನು ಬಂದು ಎಣ್ಣೆ ಬಿಟ್ಟು, ಬೆಲ್ಟು ಬದಲಿಸಿ ₹400 ತೆಗೆದುಕೊಂಡು ಹೋದ. ಅಲ್ಲಿಂದ ತಕರಾರಿಲ್ಲದೆ ನಡೆಯುತ್ತಿದೆ. ಹೊಸದಾಗಿ ಕೊಳ್ಳುವವರಿಗೆ ಸ್ಟ್ಯಾಂಡ್ ಸಮೇತ ಇಂಥದೇ ಮಿಷನ್ ಎಂಟು ಸಾವಿರದ ಆಸುಪಾಸು ಬೀಳುತ್ತದೆ; ಕರೆಂಟಿನ ಜಿಗ್‌ಜಾಗ್ ಮಿಷನ್ ಹತ್ತು ಸಾವಿರ ದಾಟುತ್ತದೆ. ವರ್ಷಕ್ಕೆ ಹದಿನೈದು ಬಟ್ಟೆ ಹೊಲಿದು, ಕೂಲಿಯನ್ನೂ ಸೇರಿಸಿ ಒಂದೊಂದಕ್ಕೆ ಸರಾಸರಿ ₹250 ಉಳಿಸಿದರೂ ವರ್ಷಕ್ಕೆ ₹3,750. ಮಿಷನ್ನಿನ ಅಸಲು ಹುಟ್ಟಲು ಎರಡು ವರ್ಷದ ಮೇಲೆ ಬೇಕು. ಒಂದು ವರ್ಷದ ಕೂಸಿಗೆಂದು ಶುರು ಮಾಡಿದರೆ ಆ ಹೊತ್ತಿಗೆ ಕೂಸಿಗೆ ಮೂರು ದಾಟಿರುತ್ತದೆ. ಇನ್ನೇನು ಎಲ್‌ಕೆಜಿ, ವಾರವಿಡೀ ಯೂನಿಫಾರ್ಮು. ಮಗುವಿಗೆ ಹೊಲಿಯಲೆಂದೇ ಹೊಸ ಮಿಷನ್ ಕೊಳ್ಳುವುದು ನನ್ನ ಪ್ರಕಾರ ಗಿಟ್ಟದ ಬಾಬತ್ತು, ಅದರಲ್ಲೂ ಕಂತಿನಲ್ಲಿ ಕೊಳ್ಳುವುದಂತೂ ಬೇಡವೇ ಬೇಡ. ನಿಮ್ಮ ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಹಳೇ ಸೀರೆ ಹೊದ್ದು ಮೂಲೆಯಲ್ಲಿ ಕುಳಿತ ಮಿಷನ್ ಒಂದು ಇದ್ದೇ ಇರುತ್ತದೆ. ಕೇಳಿ ತನ್ನಿ.

ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆಯೂ ಕೇಳುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಒಂದು. ಸಲಕರಣೆಗೆ ₹15,000 ನೆರವು, ಶೇ 5ರ ಬಡ್ಡಿಯಲ್ಲಿ ಮೊದಲ ಕಂತು ಒಂದು ಲಕ್ಷ ಸಾಲ ಇದೆ. ಆದರೆ ಅದು ಹೊಲಿಗೆಯನ್ನೇ ಕಸುಬಾಗಿ ಮಾಡಿಕೊಂಡವರಿಗೆ. ಮನೆಯ ಮಗುವಿಗೆ ಫ್ರಾಕು ಹೊಲಿಯುವವರು ಅದರ ಸರದಿಯಲ್ಲಿ ನಿಂತು ನಿಜವಾದ ಟೇಲರುಗಳ ಜಾಗ ತಿನ್ನಬಾರದು.

ಇಷ್ಟೆಲ್ಲ ಕಳೆದು ಕೂಡಿ ನೋಡಿದರೆ ಉಳಿತಾಯ ಬಡಕಲಾಗಿ ಕಾಣುತ್ತದೆ. ಅದನ್ನು ದಪ್ಪ ಮಾಡಿದ್ದು ನನ್ನ ಅತ್ತೆಯ ಒಂದು ಮಾತು. ಮೊದಲ ಸಲ ಅಳತೆ ಟೇಪು ಹಿಡಿದು ಮಗಳ ಮೊಣಕಾಲಿಗೆ ಸರಿಯಾಗಿ ಉದ್ದ ಬರೆದುಕೊಳ್ಳುತ್ತಿದ್ದಾಗ, ಸೊಪ್ಪು ಸೋಸುತ್ತಾ ಕೂತಿದ್ದ ಅವರು ತಲೆ ಎತ್ತದೆಯೇ ಹೇಳಿದರು: ‘ಕೂಸು ಬೆಳೆಯೂದು ಉದ್ದಕ್ಕವಾ, ಅಗಲಕ್ಕಲ್ಲ. ಕೆಳಗ ಅರಿವಿ ಬಿಟ್ಟು ಹೊಲಿ.’

ಮಕ್ಕಳ ಡಾಕ್ಟರ ಬೆಳವಣಿಗೆ ಪಟ್ಟಿಯಲ್ಲಿರುವುದೂ ಇದೇ. ಒಂದರಿಂದ ಎರಡು ವರ್ಷದೊಳಗೆ ಮಗು ಸುಮಾರು 12 ಸೆಂ.ಮೀ. ಉದ್ದವಾಗುತ್ತದೆ, ಎರಡರಿಂದ ಮೂರರೊಳಗೆ ಸುಮಾರು 8 ಸೆಂ.ಮೀ., ಅಂದರೆ ಮೂರಿಂಚು. ಎದೆಯ ಸುತ್ತಳತೆ ಅದೇ ಅವಧಿಯಲ್ಲಿ ಒಂದಿಂಚಿನ ಆಸುಪಾಸು ಹೆಚ್ಚಿದರೆ ಹೆಚ್ಚು. ಮಗುವಿಗೆ ಬಟ್ಟೆ ಗಿಡ್ಡವಾಗುತ್ತದೆಯೇ ಹೊರತು ಅಷ್ಟು ಬೇಗ ಬಿಗಿಯಾಗುವುದಿಲ್ಲ. ರೆಡಿಮೇಡಿನಲ್ಲಿ ಅಂಚಿಗೆ ಅರ್ಧ ಇಂಚು ಮಡಿಸಿ ಓವರ್‌ಲಾಕ್ ಹೊಡೆದಿರುತ್ತಾರೆ. ಒಳಗೆ ಒಂದು ನೂಲಿನಷ್ಟೂ ಬಿಟ್ಟಿರುವುದಿಲ್ಲ. ಆರು ತಿಂಗಳಿಗೆ ಮುಂದಿನ ಸೈಜು ಕೊಳ್ಳಲೇಬೇಕು.

ನಾನು ಹೊಲಿಯುವುದು ಹೀಗೆ. ಮೇಲೆ ಏಳಿಂಚು ಉದ್ದದ ಯೋಕು. ಕೆಳಗೆ ಬಟ್ಟೆಯ ಪೂರ್ತಿ ಪನ್ನವನ್ನು ಹಾಗೇ ಇಟ್ಟು ನೆರಿಗೆ ಹಿಡಿದು ಯೋಕಿಗೆ ಕೂಡಿಸುತ್ತೇನೆ. 44 ಇಂಚು ಎರಡು ವರ್ಷದ ಮಗುವಿನ ಎದೆ ಅಳತೆಗೆ ಎರಡರಷ್ಟು, ನೆರಿಗೆ ತುಂಬಿ ಬರುತ್ತದೆ. ಪನ್ನದ ಎರಡೂ ಕಡೆಯ ಗಟ್ಟಿ ಅಂಚುಗಳು ಬೆನ್ನ ಹಿಂದೆ ಒಂದಕ್ಕೊಂದು ಕೂಡುವುದರಿಂದ ನೂಲು ಬಿಚ್ಚುವ ಭಯವಿಲ್ಲ, ಅಲ್ಲಿ ಓವರ್‌ಲಾಕಿನ ಖರ್ಚೂ ಇಲ್ಲ. ಕೆಳಗೆ ಅರ್ಧ ಇಂಚು ಒಳಕ್ಕೆ ಮಡಚಿ, ಆಮೇಲೆ ಮೂರಿಂಚು ಮಡಚಿ, ಟಾಕಿಯನ್ನು ಆದಷ್ಟು ದೊಡ್ಡದಿಟ್ಟು ಒಂದೇ ಹೊಲಿಗೆ ಹಾಕುತ್ತೇನೆ. ಟಾಕಿ ದೊಡ್ಡದಿದ್ದರೆ ಮುಂದೆ ಬಿಚ್ಚಲು ಸಲೀಸು. ಒಂದು ತುದಿ ಕತ್ತರಿಸಿ ಎಳೆದರೆ ದಾರ ಸರ್ರನೆ ಬರುತ್ತದೆ. ಆರು ತಿಂಗಳಿಗೊಮ್ಮೆ ಒಂದೂವರೆ ಇಂಚು ಇಳಿಸುವುದು. ಇಳಿಸಿದಾಗ ಹಳೆಯ ಮಡಿಕೆಯ ಜಾಗದಲ್ಲಿ ಬಣ್ಣದ ಗೆರೆಯೊಂದು ಎದ್ದು ಕಾಣುತ್ತದೆ. ಅದರ ಮೇಲೆ ₹10ರ ಲೇಸು ಹೊಲಿದರೆ ಹೊಸ ಫ್ರಾಕು ಬಂತೆಂದು ಮಗಳು ಕುಣಿಯುತ್ತಾಳೆ. ಮೂರು ದಾಟಿದ ಮೇಲೆ ಅದೇ ಫ್ರಾಕು ಲೆಗ್ಗಿಂಗ್ಸ್ ಮೇಲಿನ ಟಾಪು. ಹೊಲಿಯುವ ಮುಂಚೆ ಬಟ್ಟೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ ನೆರಳಲ್ಲಿ ಒಣಗಿಸಿಕೊಳ್ಳುವುದು ಕಡ್ಡಾಯ. ಮುಕ್ಕಾಲು ಮೀಟರ್ ಕಾಟನ್ನಿನಲ್ಲಿ ಒಂದಿಂಚು ಮೊದಲ ಒಗೆತಕ್ಕೇ ಕುಗ್ಗಿಹೋಗಬಹುದು, ಆಮೇಲೆ ಬಿಟ್ಟ ಅಂಚಿಗೆ ಅರ್ಥವಿಲ್ಲ.

ಹೀಗೆ ಒಂದು ಫ್ರಾಕು ಒಂದೂವರೆ ವರ್ಷ ಬಾಳಿದರೆ ಲೆಕ್ಕವೇ ಬದಲಾಗುತ್ತದೆ. ಅಂಗಡಿಯ ಎರಡು ಮೂರು ಸೈಜುಗಳಿಗೆ ಎದುರಾಗಿ ಮನೆಯದು ಒಂದು.

ಆದರೂ ನಮ್ಮ ಮನೆಯಲ್ಲಿ ಅತಿ ಹೆಚ್ಚು ದುಡ್ಡು ಉಳಿಸಿದ್ದು ಫ್ರಾಕು ಅಲ್ಲ, ಚಡ್ಡಿ. 36 ಇಂಚು ಪನ್ನದ ಸಾದಾ ಕಾಟನ್ ಒಂದು ಮೀಟರಿನಲ್ಲಿ ಮೂರು ಸಡಿಲ ಚಡ್ಡಿ ಆಗುತ್ತವೆ. ಎಲಾಸ್ಟಿಕ್ ಸೇರಿ ಒಂದಕ್ಕೆ ₹40. ಫ್ರಾಕಿನ ತೋರಿಕೆ ಇದಕ್ಕಿಲ್ಲ, ಯಾರೂ ಹೊಗಳುವುದಿಲ್ಲ. ಆದರೆ ಕೈಗೆ ಸಿಗುವಷ್ಟು ಚಡ್ಡಿ ಮನೆಯಲ್ಲಿದ್ದರೆ ಹಗಲು ಹೊತ್ತು ಡೈಪರ್ ಹಾಕುವ ಪ್ರಮೇಯವೇ ಬರುವುದಿಲ್ಲ. ಡೈಪರ್ ಒಂದಕ್ಕೆ ₹12 ಎಂದಿಟ್ಟುಕೊಂಡರೂ ದಿನಕ್ಕೆ ಎರಡು ಕಡಿಮೆಯಾದರೆ ತಿಂಗಳಿಗೆ ₹720. ಉಚ್ಚೆ ಬಂದರೆ ಹೇಳುವ ರೂಢಿಯೂ ಬೇಗ ಆಗುತ್ತದೆ, ಒದ್ದೆಯಾದದ್ದು ಮಗುವಿಗೆ ಗೊತ್ತಾಗುತ್ತದಲ್ಲ. ತೆಳು ಕಾಟನ್ ಆದ್ದರಿಂದ ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲೂ ಫ್ಯಾನಿನ ಕೆಳಗೆ ಒಣಗುತ್ತದೆ, ಹೊಸೈರಿ ಬಟ್ಟೆಯ ಹಾಗೆ ನೀರು ಹಿಡಿದುಕೊಂಡು ಕೂರುವುದಿಲ್ಲ.

ಬಟ್ಟೆಗೂ ಕಾಸು ಕೊಡಬೇಕಾಗಿಲ್ಲ ಎನ್ನುವುದು ಹಳೇ ಕಾಟನ್ ಸೀರೆ ಇರುವ ಮನೆಗಳ ಭಾಗ್ಯ. ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕುವ ಪದ್ಧತಿ ನಮ್ಮಲ್ಲಿ ಸುಮ್ಮನೆ ಬಂದದ್ದಲ್ಲ. ನೂರಾರು ಸಲ ಒಗೆದು ಮೆತ್ತಗಾದ ಬಟ್ಟೆ ಇನ್ನು ಕುಗ್ಗುವುದಿಲ್ಲ, ಬಣ್ಣ ಬಿಡುವುದಿಲ್ಲ, ಚುಚ್ಚುವುದಿಲ್ಲ. ಐದೂವರೆ ಮೀಟರ್ ಸೀರೆಯ ಸವೆದ ನಡುಭಾಗ ಬಿಟ್ಟರೂ ನಾಲ್ಕೈದು ಫ್ರಾಕು ಎದ್ದೇಳುತ್ತವೆ. ಸೀರೆಯ ದಡಿಯನ್ನೇ ಫ್ರಾಕಿನ ಕೆಳಗೆ ಬರುವಂತೆ ಇಟ್ಟುಕೊಂಡರೆ ಅಂದವೂ ಹೌದು. ಮಿಕ್ಕ ಚೂರುಗಳು ಕೌದಿಗೆ. ಗಂಡಸರ ಹಳೆಯ ಅಂಗಿ ಇನ್ನೂ ಸುಲಭ. ಅದರ ಗುಂಡಿಪಟ್ಟಿಯನ್ನು ಹಾಗೇ ಉಳಿಸಿಕೊಂಡು ಮಗುವಿನ ಫ್ರಾಕಿನ ಬೆನ್ನಿಗೆ ಬರುವಂತೆ ಕತ್ತರಿಸಿದರೆ ಕಾಜಾ ಹೊಡೆಸುವ ಕೆಲಸವೇ ಇಲ್ಲ. ಗುಂಡಿಗಳನ್ನು ಮಾತ್ರ ಇನ್ನೊಮ್ಮೆ ಬಿಗಿಯಾಗಿ ಹೊಲಿಯಿರಿ, ಈ ವಯಸ್ಸಿನವರಿಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಎಲ್ಲವನ್ನೂ ಹೊಲಿಯಲು ಹೋಗಬೇಡಿ. ಟೀ ಶರ್ಟು, ಲೆಗ್ಗಿಂಗ್ಸು ತಿರುಪ್ಪೂರಿನಿಂದ ಬರುವ ಬೆಲೆಗೆ ನಮ್ಮ ಕೈಲಿ ಆಗದು. ಸಾದಾ ಮಿಷನ್ನಿನಲ್ಲಿ ಹೊಲಿದ ಹೊಸೈರಿ ಮೊದಲ ಸಲ ಎಳೆದಾಗಲೇ ದಾರ ಪಟ್ಟೆಂದು ಹರಿಯುತ್ತದೆ. ಜೀನ್ಸು ಬಳ್ಳಾರಿಯವರಿಗೆ ಬಿಟ್ಟದ್ದು. ಬರ್ತ್‌ಡೇಗೆಂದು ನೆಟ್ಟು, ಸ್ಯಾಟಿನ್ನು, ಕ್ಯಾನ್‌ಕ್ಯಾನ್ ತಂದು ಕೂರುವವರನ್ನು ಕಂಡರೆ ನನಗೆ ಅಯ್ಯೋ ಅನಿಸುತ್ತದೆ. ಸಾಮಾನಿಗೇ ₹700 ಆಗುತ್ತದೆ, ಎರಡು ಮೂರು ರಾತ್ರಿ ನಿದ್ದೆಗೆಡಬೇಕು, ಮಗು ಹಾಕುವುದು ಕೇಕು ಕತ್ತರಿಸುವವರೆಗೆ. ಬಟ್ಟೆಯ ಬೆಲೆಯನ್ನು ಅದನ್ನು ಹಾಕಿದ ಸಲಗಳಿಂದ ಭಾಗಿಸಿ ನೋಡುವುದು ನನ್ನ ರೂಢಿ. ವಾರಕ್ಕೆರಡು ಸಲ ಮೈಮೇಲೆ ಬರುವ ₹110ರ ಫ್ರಾಕಿಗೆ ಒಂದು ಸಲಕ್ಕೆ ಒಂದೂವರೆ ರೂಪಾಯಿಯೂ ಬೀಳುವುದಿಲ್ಲ. ಬರ್ತ್‌ಡೇ ಗೌನನ್ನು ಎರಡು ಸಲ ಹಾಕಿದಳೆಂದೇ ಹಿಡಿದರೂ ಸಲಕ್ಕೆ ಮುನ್ನೂರೈವತ್ತು. ಹಬ್ಬಕ್ಕೆ ಖಣದ ಪರಕಾರ-ಪೋಲ್ಕ ಹೊಲಿಸಿ. ಅದಕ್ಕೆ ಸೊಂಟದಲ್ಲಿ ಲಾಡಿ, ಕೆಳಗೆ ಅಂಚು ಬಿಟ್ಟರೆ ಮೂರು ದೀಪಾವಳಿ ಕಾಣುತ್ತದೆ.

ಹೊಲಿಯುವ ಮನೆಗಳಲ್ಲಿ ದುಡ್ಡು ಸೋರುವ ಜಾಗ ಒಂದೇ, ಕಟ್‌ಪೀಸ್ ಅಂಗಡಿ. ‘ಅಕ್ಕಾರ, ಇದರಾಗ ಒಂದೂಕಾಲು ಮೀಟರ್ ಅಷ್ಟ ಉಳದೈತ್ರಿ, ನೂರು ರೂಪಾಯಿ ಕೊಟ್ಟು ಒಯ್ರಿ’ ಅಂದರೆ ಯಾರ ಕೈ ಪರ್ಸಿಗೆ ಹೋಗುವುದಿಲ್ಲ? ಬೀರುವಿನಲ್ಲಿ ಹೊಲಿಯದೇ ಬಿದ್ದ ಬಟ್ಟೆಯ ಬೆಲೆಯನ್ನೂ ಹೊಲಿದವುಗಳ ಮೇಲೆ ಹಾಕಿ ನೋಡಿದರೆ ಬಹಳ ಮನೆಗಳಲ್ಲಿ ಉಳಿತಾಯ ಮಾಯವಾಗುತ್ತದೆ. ತಂದದ್ದು ಹೊಲಿದು ಮಗುವಿನ ಮೈಮೇಲೆ ಬರುವವರೆಗೆ ಇನ್ನೊಂದು ತುಂಡು ತರುವುದಿಲ್ಲ ಎಂಬ ಕಟ್ಟಳೆ ನಾನು ಹಾಕಿಕೊಂಡಿದ್ದೇನೆ.

ಮಿಷನ್ ಇಲ್ಲದವರು, ಇದ್ದರೂ ಪುರುಸೊತ್ತಿಲ್ಲದವರು ಬೇಜಾರು ಮಾಡಿಕೊಳ್ಳುವುದು ಬೇಡ. ಮುಕ್ಕಾಲು ಮೀಟರ್ ಬಟ್ಟೆ ತಂದು ನೆನೆಹಾಕಿ ಒಣಗಿಸಿ, ನಿಮ್ಮ ಓಣಿಯ ಟೇಲರ್ ಅಕ್ಕನ ಕೈಗೆ ಕೊಡಿ. ₹310ಕ್ಕೆ ಫ್ರಾಕು ಬರುತ್ತದೆ, ಅಂಗಡಿಯದಕ್ಕಿಂತ ₹140 ಕಡಿಮೆ. ಕೆಳಗೆ ಮೂರಿಂಚು ಬಿಟ್ಟು ದೊಡ್ಡ ಟಾಕಿ ಹಾಕಲು ಮರೆಯದೆ ಹೇಳಿ. ಮತ್ತೆ, ಮಾಲ್‌ನಲ್ಲಿ ಎಂಟುನೂರರ ಫ್ರಾಕಿಗೆ ತುಟಿ ಬಿಚ್ಚದೆ ಕಾರ್ಡು ಕೊಟ್ಟು ಬರುವ ನಾವು, ಆಕೆಯ ಎರಡು ತಾಸಿನ ಕೆಲಸಕ್ಕೆ ‘ನೂರೈವತ್ತು ಮಾಡ್ರಿ’ ಎಂದು ಚೌಕಾಸಿಗಿಳಿಯುತ್ತೇವೆ. ದಯವಿಟ್ಟು ಅದೊಂದು ಮಾಡಬೇಡಿ.