ರಸ್ತೆಬದಿಯ ನೋಟಕ್ಕೆ ಬೆಲೆ ಕಟ್ಟುವ ಬಗೆ
(ಅಳವಂಡಿಯ ದಾರಿಯಲ್ಲಿ ಕಲಿತ ಪಾಠ)



ಕಳೆದ ಸರ್ವ ಸದಸ್ಯರ ಸಭೆ ಮುಗಿದು ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಹಿರಿಯ ಸದಸ್ಯರೊಬ್ಬರು ನಮ್ಮ ಬಳಿ ಬಂದು ಹೀಗೆ ಕೇಳಿದರು: "ಕಾರ್ಯದರ್ಶಿಗಳೇ, ರಸ್ತೆ ಅಗಲ ಮಾಡುವವರು ಮರಕ್ಕೆ ಘನ ಅಡಿ ಲೆಕ್ಕ ಹಾಕುತ್ತಾರೆ, ಜಾಗಕ್ಕೆ ಗುಂಟೆ ಲೆಕ್ಕ ಹಾಕುತ್ತಾರೆ. ನಮ್ಮ ಗೇಟಿನ ಮುಂದೆ ನಿಂತರೆ ಕಾಣುತ್ತದಲ್ಲ, ಅದಕ್ಕೆ ಯಾವ ಲೆಕ್ಕ?" ಸುತ್ತ ಇದ್ದವರು ನಕ್ಕರು. ನಾವೂ ನಕ್ಕೆವು. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಏಕೆಂದರೆ ಅದೇ ವಿಷಯದಲ್ಲಿ ನಾವೇ ಒಮ್ಮೆ ಮೋಸ ಹೋದದ್ದುಂಟು. ಅದನ್ನು ಮುಂದೆ ಹೇಳುತ್ತೇವೆ.

ನೋಟಕ್ಕೆ ರೂಪಾಯಿಯಲ್ಲಿ ಬೆಲೆ ಕಟ್ಟುವುದು ಕಷ್ಟ. ಆದರೆ ಅಂಕ ಕೊಟ್ಟು ತೂಗಬಹುದು. ಅದಕ್ಕೆ ಒಂದು ಕ್ರಮವಿದೆ. ಈ ಲೇಖನದಲ್ಲಿ ಆ ಕ್ರಮವನ್ನು ತಿಳಿಸಿ, ಅದನ್ನು ಕೊಪ್ಪಳ ಸೀಮೆಯ ರಸ್ತೆಗಳಲ್ಲಿ ನಾವು ಹೇಗೆ ಪರೀಕ್ಷಿಸಿ ನೋಡಿದೆವು ಎಂಬುದನ್ನು ವಿವರಿಸುತ್ತೇವೆ.

ಏಳು ಅಂಶಗಳ ಪಟ್ಟಿ

ಅಮೆರಿಕದ ಅರಣ್ಯ ಇಲಾಖೆಯು 1974ರಲ್ಲಿ ನೋಟದ ನಿರ್ವಹಣೆಯ ಬಗ್ಗೆ ಕೈಪಿಡಿಯೊಂದನ್ನು ಹೊರತಂದಿತು. ನೋಟವನ್ನು ಸಮೀಪದ್ದು, ನಡುವಿನದು, ದೂರದ್ದು ಎಂದು ಮೂರಾಗಿ ವಿಂಗಡಿಸಿ ನೋಡಬೇಕೆಂಬುದು ಅದರಲ್ಲಿನ ಮುಖ್ಯ ಮಾತು. ಅದೇ ದೇಶದಲ್ಲಿ ಸರ್ಕಾರಿ ಭೂಮಿಯನ್ನು ನೋಡಿಕೊಳ್ಳುವ ಇನ್ನೊಂದು ಇಲಾಖೆಯವರು ಏಳು ಅಂಶಗಳಿಗೆ ಅಂಕ ಕೊಡುವ ಪಟ್ಟಿಯನ್ನು ಬಳಸುತ್ತಾರೆ. ಅದು ಹೀಗಿದೆ:

1. ನೆಲದ ಏರಿಳಿತ (1ರಿಂದ 5). ಬೆಟ್ಟ, ಬಂಡೆ, ಕಣಿವೆಗೆ ಹೆಚ್ಚು, ಸಮತಟ್ಟಿಗೆ ಕಡಿಮೆ.
2. ಗಿಡಮರ, ಬೆಳೆ (1ರಿಂದ 5). ಬಗೆಬಗೆ ಇದ್ದಷ್ಟೂ ಹೆಚ್ಚು.
3. ನೀರು (0ಯಿಂದ 5).
4. ಬಣ್ಣ (1ರಿಂದ 5).
5. ಹಿನ್ನೆಲೆಯಲ್ಲಿ ಕಾಣುವ ನೆರೆಯ ನೋಟ (0ಯಿಂದ 5).
6. ಅಪರೂಪತೆ (1ರಿಂದ 5). ಆ ಸೀಮೆಯಲ್ಲಿ ಬೇರೆಲ್ಲೂ ಕಾಣದ್ದಾದರೆ ಹೆಚ್ಚು.
7. ಮನುಷ್ಯನ ಕೈಕೆಲಸ. ನೋಟಕ್ಕೆ ಹೊಂದಿಕೊಂಡರೆ 2ರವರೆಗೆ ಕೂಡಿಸಬಹುದು. ಕೆಡಿಸಿದರೆ 4ರವರೆಗೆ ಕಳೆಯಬೇಕು.

ಒಟ್ಟು 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮೊದಲ ದರ್ಜೆ, 12ರಿಂದ 18 ಎರಡನೆಯ ದರ್ಜೆ, 11 ಅಥವಾ ಅದಕ್ಕಿಂತ ಕಡಿಮೆ ಮೂರನೆಯ ದರ್ಜೆ.

ಏಳನೆಯ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಮೊದಲ ಆರರಲ್ಲಿ ಬಹುಪಾಲು ದೇವರು ಕೊಟ್ಟದ್ದು. ಏಳನೆಯದು ಪೂರ್ತಿಯಾಗಿ ನಾವು ಮಾಡುವುದು.

ಅಳವಂಡಿಯಲ್ಲಿ ಕಂಡದ್ದು

ನಮ್ಮ ತೋಟಕ್ಕೆ ಕಾಫಿ ಕೊಯ್ಲಿಗೆ ಬರುವ ಆಳುಗಳ ಮೇಸ್ತ್ರಿಯ ಊರು ಕೊಪ್ಪಳ ತಾಲ್ಲೂಕಿನ ಅಳವಂಡಿಯ ಕಡೆ. ಅವನ ಮಗಳ ಮದುವೆಗೆಂದು ಮೇ ತಿಂಗಳಲ್ಲಿ ಒಮ್ಮೆ, ಕೊಯ್ಲಿನ ಆಳುಗಳನ್ನು ಕರೆತರಲೆಂದು ನವೆಂಬರ್ ಕೊನೆಯಲ್ಲಿ ಇನ್ನೊಮ್ಮೆ, ಒಂದೇ ವರ್ಷದಲ್ಲಿ ಎರಡು ಸಲ ಆ ದಾರಿಯಲ್ಲಿ ಹೋಗಿಬಂದೆವು. ಎರಡು ಸಲವೂ ಪಟ್ಟಿ ನಮ್ಮ ಜೇಬಿನಲ್ಲಿತ್ತು.

ಮೇ ತಿಂಗಳಲ್ಲಿ ಅಳವಂಡಿಯ ಎರೆ ಹೊಲಗಳು ಬರಿದಾಗಿದ್ದವು. ಕಪ್ಪು ನೆಲ ಬಾಯಿಬಿಟ್ಟಿತ್ತು. ದೂರಕ್ಕೊಂದು ಬೇವು, ಬದುವಿನಲ್ಲೊಂದು ಜಾಲಿ. ಮಲೆನಾಡಿನಿಂದ ಹೋದ ನಮಗೆ ಏನೂ ಇಲ್ಲದ ಜಾಗವೆಂದೇ ತೋರಿತು. ನೆಲಕ್ಕೆ 1, ಗಿಡಕ್ಕೆ 1, ನೀರಿಗೆ 0, ಬಣ್ಣಕ್ಕೆ 2, ನೆರೆಯ ನೋಟಕ್ಕೆ 2, ಅಪರೂಪತೆಗೆ 2, ಕೈಕೆಲಸಕ್ಕೆ 0, ಒಟ್ಟು 8 ಎಂದು ಬರೆದುಕೊಂಡೆವು. ಮೂರನೆಯ ದರ್ಜೆ.

ನವೆಂಬರಿನಲ್ಲಿ ಅದೇ ದಾರಿ ಗುರುತು ಸಿಗಲಿಲ್ಲ. ಹಿಂಗಾರಿ ಜೋಳ ಎದ್ದು ನಿಂತಿತ್ತು, ಕಡಲೆ ಹಸಿರು ಕಂಬಳಿ ಹಾಸಿದಂತಿತ್ತು, ನಡುನಡುವೆ ಸೂರ್ಯಕಾಂತಿಯ ಹಳದಿ ಪಟ್ಟಿ. ಗಿಡಮರ, ಬೆಳೆಗೆ 3, ಬಣ್ಣಕ್ಕೆ 4 ಕೊಡಬೇಕಾಯಿತು. ಒಟ್ಟು 12. ಎರಡನೆಯ ದರ್ಜೆ. ಆದುದರಿಂದ ಮೊದಲ ಪಾಠ: ಒಂದೇ ಋತುವಿನಲ್ಲಿ ನೋಡಿ ಅಂಕ ಕೊಡತಕ್ಕದ್ದಲ್ಲ. ಕನಿಷ್ಠ ಎರಡು ಋತುಗಳಲ್ಲಿ ನೋಡಬೇಕು.

ಎರಡನೆಯ ಪಾಠವನ್ನು ಮೇಸ್ತ್ರಿಯೇ ಕಲಿಸಿದ. ನಮ್ಮ ಪಟ್ಟಿಯನ್ನು ಅವನಿಗೆ ಓದಿ ಹೇಳಿ, "ನಿಮ್ಮ ಊರಿಗೆ ಹನ್ನೆರಡು, ನಮ್ಮ ಕಡೆಗಾದರೆ ಇಪ್ಪತ್ತರ ಮೇಲೆ" ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದ: "ಗೌಡ್ರ, ನಿಮ್ಮ ಸೀಮಿ ಚಲೋನ ಐತ್ರಿ. ಆದ್ರ ಗಿಡದಾಗ ನಿಂತ್ರ ಮಳಿ ಎತ್ಲಾಗಿಂದ ಬರಾಕತ್ತೈತಿ ಅಂತ ಕಾಣಂಗಿಲ್ರಿ. ನಮ್ಮೂರಾಗ ಎರಡು ಹರದಾರಿ ಮುಂಚೇನ ಕಾಣತೈತಿ."

ಆಗ ನಾವು ಪಟ್ಟಿಯನ್ನು ಮತ್ತೆ ನೋಡಿದೆವು. ಏಳು ಅಂಶಗಳಲ್ಲಿ ಆಕಾಶಕ್ಕೆಂದು ಒಂದು ಸಾಲೂ ಇಲ್ಲ! ಮಳೆಯನ್ನೇ ಕಾಯುವ ಒಕ್ಕಲಿಗನಿಗೆ ಬಯಲ ನೋಟದಲ್ಲಿ ಎಲ್ಲಕ್ಕಿಂತ ದೊಡ್ಡದು ಮೋಡ ಏಳುವ ಮೂಲೆ. ಹೊರಗಿನವರು ಬಂದು ಕೊಟ್ಟ ಅಂಕದಲ್ಲಿ ಅದು ಸೇರುವುದಿಲ್ಲ. ಅಂದಿನಿಂದ ನಾವು ಪಟ್ಟಿಯ ಕೆಳಗೆ ಎಂಟನೆಯ ಸಾಲೊಂದನ್ನು ಸೇರಿಸಿಕೊಂಡಿದ್ದೇವೆ: "ಇಲ್ಲಿ ಬಾಳುವವರು ಏನೆನ್ನುತ್ತಾರೆ?" ಅದಕ್ಕೆ ಅಂಕವಿಲ್ಲ. ಅವರ ಮಾತನ್ನು ಹಾಗೆಯೇ ಬರೆದುಕೊಳ್ಳಬೇಕು.

ಕೊಪ್ಪಳದ ಕೋಟೆ, ಆನೆಗೊಂದಿಯ ಬಂಡೆ

ಕೊಪ್ಪಳದ ಊರೊಳಗೆ ಬಂದರೆ ನೋಟ ಬೇರೆ. ಕೋಟೆಯ ಬೆಟ್ಟವಿದೆ. ಅಶೋಕನ ಶಾಸನಗಳಿರುವ ಗವಿಮಠ ಮತ್ತು ಪಾಲ್ಕಿಗುಂಡು ಇವೆ. ನೆಲಕ್ಕೆ 4, ಗಿಡಕ್ಕೆ 2, ನೀರಿಗೆ 1, ಬಣ್ಣಕ್ಕೆ 3, ನೆರೆಯ ನೋಟಕ್ಕೆ 3, ಅಪರೂಪತೆಗೆ 4 ಎಂದು ಕೊಟ್ಟು ಕೂಡಿದರೆ 17. ಆದರೆ ನಾವು ನಿಂತ ಜಾಗದಿಂದ ಬೆಟ್ಟದ ಅರ್ಧವನ್ನು ಜಾಹೀರಾತು ಫಲಕಗಳೂ ತಂತಿಗಳೂ ಮುಚ್ಚಿದ್ದವು. ಅದಕ್ಕೆ 2 ಕಳೆದು 15 ಉಳಿಯಿತು. ಬೆಟ್ಟ ಎಲ್ಲೂ ಹೋಗಿರಲಿಲ್ಲ. ಹೋದದ್ದು ಅದನ್ನು ನೋಡುವ ಕಂಡಿ.

ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯಲ್ಲಿ ಬಂಡೆಗಳ ರಾಶಿ, ಅದರ ಬುಡಕ್ಕೆ ಭತ್ತದ ಗದ್ದೆ, ಬಾಳೆ, ಮುಂದೆ ತುಂಗಭದ್ರೆ. ನೆಲಕ್ಕೆ 5, ಬೆಳೆಗೆ 4, ನೀರಿಗೆ 3, ಬಣ್ಣಕ್ಕೆ 4, ನೆರೆಯ ನೋಟಕ್ಕೆ 4, ಅಪರೂಪತೆಗೆ 5, ಕೈಕೆಲಸಕ್ಕೆ 1. ಒಟ್ಟು 26. ಇಲ್ಲಿ ಮನುಷ್ಯನ ಕೈಕೆಲಸಕ್ಕೆ ಅಂಕ ಕೂಡಿಸಿದ್ದೇವೆ, ಕಳೆದಿಲ್ಲ. ಗದ್ದೆಯ ಹಸಿರು ರೈತನ ಕೆಲಸವೇ ತಾನೆ?

ಇದೇ ಜಾಗದಲ್ಲಿ ನಡೆದ ಒಂದು ಸಂಗತಿಯನ್ನು ಎಲ್ಲ ಬೆಳೆಗಾರರೂ ತಿಳಿದಿರಬೇಕು. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆನೆಗೊಂದಿಗೂ ತಳವಾರಘಟ್ಟಕ್ಕೂ ನಡುವೆ ಹೊಳೆಗೆ ದೊಡ್ಡ ಸೇತುವೆಯ ಕೆಲಸ ಶುರುವಾಯಿತು. ಸೇತುವೆಗಳ ನಿರ್ಮಾಣ ಆ ನೋಟವನ್ನು ಕೆಡಿಸುತ್ತದೆಂಬುದೂ ಒಂದು ಕಾರಣವಾಗಿ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿದರು. ಕೆಲಸ ನಿಂತಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿ ಹೊರಬಂದಿತು. ಮತ್ತೆ ಮುಂದುವರಿದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಪ್ರಾಣ ಹೋಯಿತು.

ಹಾಗೆಂದು ಹರಿಗೋಲಿನಲ್ಲೇ ಹೊಳೆ ದಾಟುತ್ತಿದ್ದ ಆನೆಗೊಂದಿಯ ಜನಕ್ಕೆ ಸೇತುವೆ ಬೇಡವಾಗಿತ್ತೆ? ಖಂಡಿತ ಬೇಕಾಗಿತ್ತು. ಬಸುರಿ ಹೆಂಗಸನ್ನು ಮಳೆಗಾಲದ ಹೊಳೆ ದಾಟಿಸುವವರಿಗೆ ನೋಟದ ಮಾತು ಹೇಳುವುದು ಸುಲಭವಲ್ಲ. ಇದರಿಂದ ನಾವು ಕಲಿಯಬೇಕಾದದ್ದು ಇಷ್ಟೇ: ದಾರಿಯೂ ಬೇಕು, ನೋಟವೂ ಬೇಕು. ಎರಡನ್ನೂ ತಕ್ಕಡಿಗೆ ಹಾಕುವ ಕೆಲಸ ಮೊದಲ ಕಂಬ ಏಳುವ ಮುಂಚೆ ಆಗಬೇಕು. ಅರ್ಧ ಕಟ್ಟಿದ ಮೇಲೆ ತೂಗಲು ಹೊರಟರೆ ಎರಡೂ ಕೆಡುತ್ತವೆ.

ನಮ್ಮ ಮನೆಯ ಮುಂದಿನ ಲೆಕ್ಕ

ಈಗ ನಮ್ಮದೇ ತಪ್ಪಿನ ವಿಷಯ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದ ಪಶ್ಚಿಮದ ಅಂಚಿನಲ್ಲಿ ರಸ್ತೆ ಅಗಲವಾಯಿತು. ರಸ್ತೆಗೆ ಬೇಕಾದದ್ದು ಒಂದು ಸಾಲು ಮರ. ಹೇಗೂ ಯಂತ್ರ ಬಂದಿದೆ, ಒಳ್ಳೆಯ ದರವಿದೆ ಎಂದು ಅದರ ಹಿಂದಿನ ಸಾಲಿನ ಹಲಸು, ನೇರಳೆ, ಅತ್ತಿಗಳನ್ನೂ ನಾವೇ ಮಾರಿದೆವು. ತೆರವಾದ ಜಾಗದಲ್ಲಿ ಫಲಕ ನಿಲ್ಲಿಸಲು ಬಾಡಿಗೆಗೆ ಕೊಟ್ಟೆವು. ಮನೆಯಲ್ಲಿ ತಾಯಿಯವರು ಬೇಡವೆಂದಿದ್ದರು. ಕೇಳಲಿಲ್ಲ.

ಮೊದಲ ಬೇಸಿಗೆಯಲ್ಲೇ ಇಳಿಬಿಸಿಲು ನೇರವಾಗಿ ಅಡಿಕೆಯ ಕಾಂಡಕ್ಕೆ ಬಡಿಯಿತು. ಸೋಗೆ ಕಟ್ಟಿದೆವು, ಸುಣ್ಣ ಬಳಿದೆವು; ಆದರೂ ಅಂಚಿನ ಮರಗಳ ಕಾಂಡ ಸುಟ್ಟು ಸೀಳಿತು. ನೆರಳು ಹೋದ ಪಟ್ಟಿಯಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹೆಚ್ಚಿತು. ರಸ್ತೆಯ ಧೂಳು ಹೂವಿನ ಮೇಲೆ ಕೂತಿತು. ಮರದ ಹಣ, ಫಲಕದ ಬಾಡಿಗೆ ಎರಡನ್ನೂ ಕೂಡಿಸಿ ನಷ್ಟಕ್ಕೆ ಹೋಲಿಸಿದರೆ ತಲೆ ತಗ್ಗಿಸಬೇಕಾಯಿತು.

ಅಳವಂಡಿಯಿಂದ ಬಂದ ಮೇಲೆ ಹಳೆಯ ಫೋಟೋ ಮುಂದಿಟ್ಟುಕೊಂಡು ಅಂಕ ಹಾಕಿದೆವು. ಅಂದು: 4, 5, 2, 3, 3, 3, 1. ಒಟ್ಟು 21. ಇಂದು: 4, 2, 2, 2, 3, 3, ಕಳೆದದ್ದು 3. ಒಟ್ಟು 13. ಬೆಟ್ಟ ಅದೇ, ಹಳ್ಳ ಅದೇ. ಎಂಟು ಅಂಕ ಕಳೆದುಕೊಂಡವರು ನಾವು. ಅದರಲ್ಲಿ ರಸ್ತೆಯವರ ಪಾಲು ಸ್ವಲ್ಪ, ನಮ್ಮ ಪಾಲು ಬಹಳ. ನೋಟ ಕೆಟ್ಟದ್ದೂ ತೋಟ ಕೆಟ್ಟದ್ದೂ ಒಂದೇ ಕೊಡಲಿಯಿಂದ ಎಂಬುದನ್ನು ಓದುಗರು ಗಮನಿಸಬೇಕು.

"ದಾರಿಹೋಕರಿಗೆ ಚೆಂದ ಕಾಣಿಸಲು ನಾವೇಕೆ ಮರ ಇಟ್ಟುಕೊಳ್ಳಬೇಕು?" ಎಂದು ಕೇಳುವವರುಂಟು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನದಲ್ಲಿ ಹೋಗುವವನು 300 ಮೀಟರ್ ಉದ್ದದ ತೋಟದಂಚನ್ನು 18 ಸೆಕೆಂಡಿನಲ್ಲಿ ದಾಟುತ್ತಾನೆ. ಅವನ ಪಾಲಿಗೆ ಅದು ಅಷ್ಟೇ. ಮಿಕ್ಕ ದಿನವೆಲ್ಲ ಅದನ್ನು ನೋಡುವವರು ನಾವು, ನಮ್ಮ ಮಕ್ಕಳು.

ಸದಸ್ಯರು ಮಾಡತಕ್ಕ ಕೆಲಸ

1. ನಿಮ್ಮ ತೋಟದ ರಸ್ತೆಬದಿಯಲ್ಲಿ ಮೂರು ಜಾಗಗಳನ್ನು ಗುರುತಿಸಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಅಲ್ಲಿಂದ ಫೋಟೋ ತೆಗೆದು ದಿನಾಂಕ ಬರೆದಿಡಿ.

2. ಮೇಲಿನ ಪಟ್ಟಿಯಂತೆ ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿ. ಒಬ್ಬರು ಮನೆಯವರು, ಇನ್ನೊಬ್ಬರು ಹೊರಗಿನವರಾದರೆ ಉತ್ತಮ. ಅಂಕ ಎಲ್ಲಿ ಬಹಳ ಬೇರೆಯಾಗುತ್ತದೋ ಅಲ್ಲಿ ಕೂತು ಮಾತಾಡಿ.

3. ರಸ್ತೆಯಂಚಿನ ಪ್ರತಿ ಮರದ ಜಾತಿ, ಸುತ್ತಳತೆ ಬರೆದಿಡಿ. ಅದು ತೋಟಕ್ಕೆ ಯಾವ ದಿಕ್ಕಿನ ಬಿಸಿಲು ತಡೆಯುತ್ತದೆ ಎಂಬುದನ್ನೂ ನಮೂದಿಸಿ.

4. ರಾಷ್ಟ್ರೀಯ ಹೆದ್ದಾರಿಗೆ ಜಾಗ ಬೇಕೆಂದು 1956ರ ಹೆದ್ದಾರಿ ಕಾಯ್ದೆಯ 3ಎ ಕಲಮಿನಂತೆ ಅಧಿಸೂಚನೆ ಪ್ರಕಟವಾದರೆ, ಅಂದಿನಿಂದ 21 ದಿನಗಳೊಳಗೆ 3ಸಿ ಕಲಮಿನಂತೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಈ ಅವಧಿ ಬಹಳ ಚಿಕ್ಕದು. ದಾಖಲೆ ಮೊದಲೇ ಸಿದ್ಧವಿದ್ದವರಿಗೆ ಮಾತ್ರ ಇದರ ಉಪಯೋಗ. 2013ರ ಭೂಸ್ವಾಧೀನ ಕಾಯ್ದೆಯ ಪರಿಹಾರದಲ್ಲಿ ಜಾಗಕ್ಕೆ, ಮರಕ್ಕೆ, ಕಟ್ಟಡಕ್ಕೆ, ಬೆಳೆಗೆ ಲೆಕ್ಕವಿದೆ. ನೋಟಕ್ಕೆಂದು ಪ್ರತ್ಯೇಕ ಬಾಬತ್ತಿಲ್ಲ. ಆದುದರಿಂದ ನೋಟದ ಮಾತನ್ನು ಪರಿಹಾರದ ಹಂತದಲ್ಲಿ ಎತ್ತಿದರೆ ಫಲವಿಲ್ಲ. ಇನ್ನೊಂದು ಬದಿಗೆ ಅಗಲ ಮಾಡಬಹುದೇ, ತಿರುವನ್ನು ಸ್ವಲ್ಪ ಸರಿಸಬಹುದೇ ಎಂದು ಆಕ್ಷೇಪಣೆಯ ಹಂತದಲ್ಲೇ ಕೇಳಬೇಕು.

5. ಕೇಂದ್ರ ಸರ್ಕಾರದ 2015ರ ಹಸಿರು ಹೆದ್ದಾರಿ ನೀತಿಯು ಹೆದ್ದಾರಿ ಯೋಜನೆಯ ವೆಚ್ಚದ ಒಂದು ಭಾಗವನ್ನು ಗಿಡ ನೆಡಲು, ಬೆಳೆಸಲು ಮೀಸಲಿಡಬೇಕೆನ್ನುತ್ತದೆ. ಯಾವ ಗಿಡ ನೆಡುತ್ತಾರೆಂದು ಕೇಳಿ, ನಮ್ಮ ಸೀಮೆಯ ಜಾತಿಗಳನ್ನೇ ಸೂಚಿಸಿ.

ದಾರಿಬದಿಯ ಮರ ನಮ್ಮ ನೆಲಕ್ಕೆ ಹೊಸ ವಿಚಾರವಲ್ಲ. ದಾರಿಗಳ ಬದಿಗೆ ಆಲದ ಮರ ನೆಡಿಸಿದ್ದನ್ನು ಅಶೋಕ ತನ್ನ ಸ್ತಂಭಶಾಸನದಲ್ಲಿ ಹೇಳಿಕೊಂಡಿದ್ದಾನೆ. ಅರಸನಲ್ಲದವರೂ ಅದನ್ನು ಮಾಡಿ ತೋರಿಸಿದ್ದಾರೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನಿಂದ ಕುದೂರಿನವರೆಗೆ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಆಲಗಳನ್ನು ಯಾರು ಅರಿಯರು? 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಆ ಮರಗಳು ಹೋಗುವ ಭಯ ಬಂದಾಗ ಅವರು ಸುಮ್ಮನೆ ಕೂರದೆ ಸರ್ಕಾರವನ್ನು ಕೇಳಿಕೊಂಡರು.

ನಮ್ಮ ತೋಟದ ಅಂಚಿನ ಫಲಕವನ್ನು ಬಾಡಿಗೆಯ ಅವಧಿ ಮುಗಿದ ಕೂಡಲೇ ತೆಗೆಸಿದೆವು. ಹಲಸು, ನೇರಳೆ, ಅತ್ತಿ ಗಿಡಗಳನ್ನು ಮತ್ತೆ ಇಟ್ಟಿದ್ದೇವೆ. ಅವು ನೆರಳು ಕೊಡುವವರೆಗೆ ಹಾಲುವಾಣದ ಗೂಟ ನೆಟ್ಟಿದ್ದೇವೆ. ಈ ಸಲ ಕೊಯ್ಲಿಗೆ ಬಂದ ಮೇಸ್ತ್ರಿ ಅದನ್ನು ನೋಡಿ, ಒಂದು ಕಡೆ ಮಾತ್ರ ಸ್ವಲ್ಪ ಕಂಡಿ ಬಿಡಿ ಎಂದ. ಏಕೆಂದು ಕೇಳಬೇಕಾಗಲಿಲ್ಲ. ಮಳೆ ಬರುವ ಮೂಲೆಗೆ ಎರಡು ಗಿಡದಷ್ಟು ಜಾಗ ಬಿಟ್ಟಿದ್ದೇವೆ.

ಸದಸ್ಯರು ತಮ್ಮ ಅಂಕಪಟ್ಟಿಗಳನ್ನು ಸಂಘದ ಕಚೇರಿಗೆ ತಂದುಕೊಡಬೇಕಾಗಿ ವಿನಂತಿ. ಎಲ್ಲರದೂ ಸೇರಿದರೆ ನಮ್ಮ ರಸ್ತೆಯ ಪೂರ್ಣ ದಾಖಲೆಯೊಂದು ಸಿದ್ಧವಾಗುತ್ತದೆ. ಆಕ್ಷೇಪಣೆಗೆ 21 ದಿನ ಸಾಲದೆಂದು ಅಂದು ಪೇಚಾಡುವ ಬದಲು ಇಂದೇ ಶುರುಮಾಡೋಣ.

— ಕಾರ್ಯದರ್ಶಿ