ಪಾಠ 12: ಕಾಲು ನೆಲಕ್ಕೆ ಎಟುಕಲಿ

ಮನೆ ಮುಂದೆ ಬೈಕ್ ಇದೆ. ಡೇರಿಗೆ ಹಾಲು ಹಾಕಬೇಕು. ಮಗುವಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗಬೇಕು. ಬೈಕ್ ಕಲಿಯಲು ನಮಗೂ ಆಸೆ. ಆದರೆ ಹತ್ತಿ ಕೂತರೆ ಕಾಲು ನೆಲಕ್ಕೆ ಎಟುಕಲ್ಲ. "ಇದು ಗಂಡಸರ ಗಾಡಿ" ಅಂತ ಇಳಿದುಬಿಡುತ್ತೇವೆ.

ಅಕ್ಕಂದಿರೇ, ನಮ್ಮ ಕಾಲು ಗಿಡ್ಡ ಅಲ್ಲ. ಸೀಟು ಎತ್ತರ. ಸೀಟನ್ನು ತಗ್ಗಿಸಬಹುದು.

ಮೊದಲು ಅಳೆಯಿರಿ

ಹೀರೋ ಸ್ಪ್ಲೆಂಡರ್ ಪ್ಲಸ್ ಬೈಕಿನ ಸೀಟು ನೆಲದಿಂದ 785 ಮಿಲಿಮೀಟರ್ ಎತ್ತರ. ನಿಮ್ಮ ಗಾಡಿಯದು ಎಷ್ಟು? ಟೇಪು ಹಿಡಿದು ಅಳೆಯಿರಿ. ಬರೆದಿಡಿ.

ಈಗ ಕೂತು ನೋಡಿ. ಒಬ್ಬರು ಗಾಡಿ ಹಿಡಿದುಕೊಂಡಿರಲಿ. ಎರಡೂ ಪಾದದ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ಊರಬೇಕು. ಬೆರಳ ತುದಿ ಮಾತ್ರ ತಾಗಿದರೆ ಸಾಲದು. ನಿಲ್ಲಿಸುವಾಗ ಗಾಡಿ ವಾಲುತ್ತದೆ. ಹಾಲಿನ ಕ್ಯಾನ್ ಇದ್ದರೆ ತಡೆಯಲು ಆಗಲ್ಲ.

ಸೀಟಿನ ಒಳಗೆ ಏನಿದೆ?

ಅಡಿಯಲ್ಲಿ ಗಟ್ಟಿ ತಳ. ಅದರ ಮೇಲೆ ಫೋಮ್. ಮೇಲೆ ರೆಕ್ಸಿನ್ ಹೊದಿಕೆ. ಸೀಟು ಹೊಲಿಯುವವರು ಹೊದಿಕೆ ಬಿಚ್ಚುತ್ತಾರೆ. ಫೋಮ್ ಕತ್ತರಿಸುತ್ತಾರೆ. ಮತ್ತೆ ಹೊದಿಕೆ ಎಳೆದು ಕಟ್ಟುತ್ತಾರೆ.

ಒಬ್ಬ ಅಕ್ಕ ಸೀಟಿನ ಅಂಗಡಿಗೆ ಹೋದರು.

"ಅಣ್ಣಾ, ಸೀಟು ಪೂರ್ತಿ ತಗ್ಗಿಸಿಬಿಡಿ."

"ಪೂರ್ತಿ ಬೇಡ ಅಕ್ಕಾ. ಫೋಮ್ ತೆಳುವಾದರೆ ತಳ ಒತ್ತುತ್ತೆ. ಸೊಂಟ ನೋಯುತ್ತೆ. ಮುಂದಿನ ಎರಡು ಬದಿ ಮೊದಲು ಕೆತ್ತೋಣ."

"ಬದಿ ಕೆತ್ತಿದರೆ ಏನು ಬರುತ್ತೆ?"

"ಸೀಟು ಅಗಲ ಇದ್ದರೆ ತೊಡೆ ಅಗಲ ಆಗುತ್ತೆ. ಕಾಲು ನೇರ ಇಳಿಯಲ್ಲ. ಬದಿ ಕಿರಿದಾದರೆ ಕಾಲು ನೇರ ಇಳಿಯುತ್ತೆ. ಎತ್ತರ ಅಷ್ಟೇ ಇದ್ದರೂ ನೆಲ ಸಿಗುತ್ತೆ."

ಆಮೇಲೆ ಮೇಲಿನ ಫೋಮ್ ಸ್ವಲ್ಪ ಸ್ವಲ್ಪವೇ ಕತ್ತರಿಸಿದರು. ಪ್ರತಿ ಸಲ ಅಕ್ಕ ಕೂತು ನೋಡಿದರು. ಕತ್ತರಿಸಿದ ಫೋಮ್ ಮತ್ತೆ ಅಂಟಲ್ಲ ಅಲ್ವಾ? ಅದಕ್ಕೇ ಅವಸರ ಮಾಡಬಾರದು.

ನೆನಪಿಡಿ

1. ತೀರ ಮೆತ್ತನೆ ಸ್ಪಂಜು ಬೇಡ. ಅಂಗಡಿಯಲ್ಲಿ ಕೂತಾಗ ಹಿತ. ದೂರ ಹೋದರೆ ಅಮುಕಿ ಚಪ್ಪಟೆ ಆಗುತ್ತದೆ. ಒತ್ತಿದರೆ ಮತ್ತೆ ಏಳುವ ಬಿಗಿ ಫೋಮ್ ಕೇಳಿ.

2. ಸೀಟು ಮುಂದಕ್ಕೆ ಇಳಿಜಾರು ಆಗಬಾರದು. ಬ್ರೇಕ್ ಹಾಕಿದಾಗ ಟ್ಯಾಂಕಿನ ಕಡೆ ಜಾರುತ್ತೀರಿ.

3. ಹೊಲಿಗೆ ಸಂದಿಯಿಂದ ಮಳೆ ನೀರು ಇಳಿಯುತ್ತದೆ. ಫೋಮ್ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕಿಸಿ.

4. ಹಿಂದೆ ಕೂರುವವರಿಗೆ ಹಿಡಿಕೆ ಮತ್ತು ಸೀರೆ ಗಾರ್ಡ್ ಬೇಕೇ ಬೇಕು. ಕಾನೂನೂ ಅದನ್ನೇ ಹೇಳುತ್ತದೆ. ತೆಗೆಯಲು ಬಿಡಬೇಡಿ.

5. ದುಡ್ಡು ಎಷ್ಟು ಅಂತ ಮೊದಲೇ ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ. ನೀವೇ ಓದಿ ನೋಡಿ.

ಗಾಡಿಯನ್ನೇ ತಗ್ಗಿಸಬಹುದೇ?

"ಹಿಂದಿನ ಶಾಕ್ ಅಬ್ಸಾರ್ಬರ್ ಗಿಡ್ಡದು ಹಾಕಿ" ಅಂತ ಕೆಲವರು ಹೇಳುತ್ತಾರೆ. ಯೋಚನೆ ಮಾಡಿ. ಗಾಡಿಯ ಹೊಟ್ಟೆ ಹಂಪಿಗೆ ಬಡಿಯಬಹುದು. ಸೈಡ್ ಸ್ಟ್ಯಾಂಡ್ ಉದ್ದ ಆಗಿಬಿಡುತ್ತದೆ. ಗಾಡಿ ನೆಟ್ಟಗೆ ನಿಂತು ಆಚೆ ಬದಿಗೆ ಬೀಳಬಹುದು. ಹಿಂಬದಿ ತಗ್ಗಿದರೆ ಹೆಡ್‌ಲೈಟ್ ಬೆಳಕು ಮೇಲಕ್ಕೆ ಹೋಗುತ್ತದೆ. ರಾತ್ರಿ ರಸ್ತೆ ಸರಿಯಾಗಿ ಕಾಣಲ್ಲ.

ಚಾಸಿ ಕತ್ತರಿಸಿ ವೆಲ್ಡ್ ಮಾಡಿಸುವುದು ಬೇಡವೇ ಬೇಡ. ಬೆಸುಗೆ ಬಿಟ್ಟರೆ ಜೀವಕ್ಕೇ ಅಪಾಯ. ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಸೀಟು ಹಾಗಲ್ಲ. ಹಳೇ ಸೀಟು ಮನೆಯಲ್ಲಿ ಇಟ್ಟು, ಇನ್ನೊಂದು ಸೀಟು ಕೆತ್ತಿಸಬಹುದು. ಒಗ್ಗದಿದ್ದರೆ ಹಳೇದನ್ನೇ ಮತ್ತೆ ಹಾಕಬಹುದು.

ಸೀಟು ಸರಿಹೋಯಿತೇ? ಮೊದಲು ಖಾಲಿ ಬಯಲಿನಲ್ಲಿ ನಿಲ್ಲಿಸುವುದನ್ನು ಕಲಿಯಿರಿ. ಎಲ್‌ಎಲ್ಆರ್ ಮಾಡಿಸಿ. ಹೆಲ್ಮೆಟ್ ಹಾಕಿ. ಆಮೇಲೆ ರಸ್ತೆಗೆ ಬನ್ನಿ.

ಓದಿ, ಬರೆಯಿರಿ: ಸೀಟು, ಫೋಮ್, ಅಳತೆ, ಹಿಡಿಕೆ, ಇಳಿಜಾರು.

ಲೆಕ್ಕ ಮಾಡಿ: 785 ಮಿಲಿಮೀಟರ್ ಎತ್ತರದ ಸೀಟು 20 ಮಿಲಿಮೀಟರ್ ತಗ್ಗಿತು. ಈಗ ಎತ್ತರ ಎಷ್ಟು?

ಮಾತಾಡಿ: ನಮ್ಮ ಮನೆಯಲ್ಲಿ ನಮ್ಮ ಅಳತೆಗೆ ಇಲ್ಲದ ವಸ್ತು ಇನ್ನೇನಿದೆ?